ಎರಡು ಸಾಲಿನ ನಡುವಿನ ಚುಕ್ಕೆ

ಆ ದಿನ ನಾನು ಎರಡು ತಪ್ಪು ಮಾಡಿದೆ. ಮೊದಲನೆಯದು ಕೈಯಿಂದ ಆದದ್ದು. ಅದಕ್ಕೆ ಯಾರೂ ನನ್ನನ್ನು ಬೈಯಲಿಲ್ಲ, ಏಕೆಂದರೆ ಆಗ ಅದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗದಂತೆ ನಾನು ನೋಡಿಕೊಂಡೆನಲ್ಲ, ಅದು ಎರಡನೆಯದು.

ಎಪ್ಪತ್ತರ ದಶಕದ ನಡುವಿನ ಮಾತು. ಚಿತ್ರದುರ್ಗದ ಒಂದು ಸಣ್ಣ ಪ್ರೆಸ್ಸಿನಲ್ಲಿ ನಾನು ಕಂಪೋಸಿಟರ್, ಅಂದರೆ ಅಚ್ಚಿನ ಮೊಳೆ ಜೋಡಿಸುವವನು. ಲಗ್ನಪತ್ರಿಕೆ, ರಸೀತಿ ಪುಸ್ತಕ, ಸೊಸೈಟಿಯ ನೋಟೀಸು ಮಾಡಿಕೊಂಡಿದ್ದ ನಮಗೆ ಆ ವರ್ಷ ಒಂದು ಅಪರೂಪದ ಕೆಲಸ ಬಂತು. ಹೊಸದುರ್ಗದ ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದ ಒಬ್ಬ ಟೀಚರ್, ರಾಗಿ ಬೀಸುವಾಗ ಹೆಂಗಸರು ಹೇಳುವ ಪದಗಳನ್ನು ಸ್ವರ ಹಾಕಿ ಬರೆದಿಟ್ಟಿದ್ದರು. ಹಿರಿಯೂರಿನ ಹತ್ತಿರದ ಒಂದು ಹಟ್ಟಿಯಲ್ಲಿ ಕುರಿ ಸಾಕುವ ಮನೆಯ ಅಜ್ಜಿಯೊಬ್ಬಳಿಂದ, ರಜೆ ಬಂದಾಗಲೆಲ್ಲ ಹೋಗಿ ಕೂತು, ಆರೇಳು ವರ್ಷ ಬರೆದುಕೊಂಡ ನಲವತ್ತು ಪದಗಳು. ಟೇಪ್ ರೆಕಾರ್ಡರನ್ನು ನಾವು ಆಗ ಸಿನಿಮಾದಲ್ಲಿ ಮಾತ್ರ ಕಂಡಿದ್ದೆವು. ಊರೂರಿಗೆ ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲುಗಳು ಮೂಲೆ ಸೇರುತ್ತಿದ್ದವು. ಆ ಪದಗಳ ಧಾಟಿ ಇದ್ದದ್ದು ಎರಡೇ ಕಡೆ: ಅಜ್ಜಿಯ ಬಾಯಲ್ಲಿ ಮತ್ತು ಟೀಚರ್ ಬರೆದ ಹಾಳೆಗಳಲ್ಲಿ.

ಅದನ್ನು ಜೋಡಿಸುವುದು ಸುಲಭವಿರಲಿಲ್ಲ. ಸರಿಗಮದ ಅಕ್ಷರಗಳೇನೋ ನಮ್ಮ ಮೊಳೆ ಇಡುವ ಕೇಸಿನಲ್ಲಿ ಇದ್ದವು. ತೊಂದರೆ ಚುಕ್ಕೆಗಳದ್ದು. ಸ್ವರದ ಮೇಲೆ ಚುಕ್ಕೆ ಇದ್ದರೆ ದನಿ ಮೇಲಿನ ಸ್ಥಾಯಿಗೆ ಏರಬೇಕು, ಕೆಳಗೆ ಇದ್ದರೆ ಕೆಳಗಿನ ಸ್ಥಾಯಿಗೆ ಇಳಿಯಬೇಕು. ಅಂಥ ಮೊಳೆ ನಮ್ಮಲ್ಲಿರಲಿಲ್ಲ. ನಾನೊಂದು ಉಪಾಯ ಹುಡುಕಿದೆ. ಎರಡು ಸಾಲುಗಳ ನಡುವೆ ಅಂತರಕ್ಕೆಂದು ಇಡುವ ಸೀಸದ ಪಟ್ಟಿ ತೆಗೆದು, ಅಲ್ಲಿ ಸಣ್ಣ ಖಾಲಿ ಮೊಳೆಗಳನ್ನು ತುಂಬಿ, ಬೇಕಾದ ಜಾಗದಲ್ಲಿ ಸಣ್ಣ ಅಕ್ಷರದ ಪೂರ್ಣವಿರಾಮವನ್ನು ಕೂರಿಸುವುದು. ಚುಕ್ಕೆ ಮೇಲಿನ ಸಾಲಿನದೋ ಕೆಳಗಿನ ಸಾಲಿನದೋ ತಿಳಿಯಲು, ಒಂದು ಪಕ್ಕಕ್ಕೆ ಕಾಗದದಷ್ಟು ತೆಳ್ಳಗಿನ ತಗಡು ಹಾಕಿ ಚುಕ್ಕೆಯನ್ನು ಅದರ ಸ್ವರದ ಕಡೆಗೆ ಸರಿಸುತ್ತಿದ್ದೆ. ಮೊದಲ ಪ್ರೂಫ್ ನೋಡಿ ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡರು.

“ಏನಪ್ಪ, ಚುಕ್ಕೀನೆಲ್ಲ ಅದರದರ ಮನೇಗೇ ಕುಂಡ್ರಿಸೀಯ! ಬೆಂಗಳೂರಾಗೂ ಆಗಲ್ಲ ಅಂದಿದ್ರು.”

ಆ ಮಾತಿನಿಂದ ನನಗೆ ಒಂದು ತಿಂಗಳು ನೆಲ ಕಾಣಲಿಲ್ಲ.

ಇನ್ನು ಆ ದಿನ. ಯಜಮಾನರು ಕಾಗದ ತರಲು ದಾವಣಗೆರೆಗೆ ಹೋಗಿದ್ದರು. ಟ್ರೆಡಲ್ ಮೆಷಿನ್ ತುಳಿಯುವವರು ರಜೆಯಲ್ಲಿದ್ದರು. ನಾಲ್ಕು ಪುಟ, ನಾಲ್ಕು ಪದ, ಚೌಕಟ್ಟಿಗೆ ಹಾಕಿ ಬೆಣೆ ಬಡಿದು ಪುಟ ಕಟ್ಟುವ ಕಲ್ಲಿನ ಮೇಜಿನ ಮೇಲೆ ಸಿದ್ಧವಾಗಿಟ್ಟಿದ್ದೆ. ಅಷ್ಟರಲ್ಲಿ ಲಗ್ನಪತ್ರಿಕೆಯವರು ಬಂದು ತಲೆಯ ಮೇಲೆ ಕೂತರು. ಸರಿ, ಮೊದಲು ಅವರದು ಎಂದು ಮೆಷಿನ್‌ಗೆ ಹಾಕಿದೆ. ಒತ್ತು ಸಾಲದೆ ಅಕ್ಷರ ತೆಳ್ಳಗೆ ಬಂತು. ಹಾಗಾದಾಗ ಮೆಷಿನ್‌ನಲ್ಲಿ ಕಾಗದ ಕೂರುವ ಹಲಗೆಗೆ ನಾಲ್ಕೈದು ಹಾಳೆ ಅಂಟಿಸಿ ದಪ್ಪ ಮಾಡುವುದು ವಾಡಿಕೆ. ಕೈಗೆ ಸಿಕ್ಕ ಹಾಳೆ ತೆಗೆದು, ಮೈದಾ ಗೋಂದು ಬಳಿದು ಅಂಟಿಸಿದೆ. ಕೈಗೆ ಸಿಕ್ಕಿದ್ದು ಆ ನಾಲ್ಕು ಪದಗಳ ಹಸ್ತಪ್ರತಿ ಮತ್ತು ಟೀಚರ್ ತಿದ್ದಿಕೊಟ್ಟ ಪ್ರೂಫ್. ಗೊತ್ತಿಲ್ಲದೆ ಅಂಟಿಸಿದೆ ಎನ್ನಲಾರೆ. ಜೋಡಿಸಿ ಮುಗಿದ ಮೇಲೆ ಹಸ್ತಪ್ರತಿ ಬರೀ ಕಾಗದ ಎಂಬುದು ನಮ್ಮ ಪ್ರೆಸ್ಸುಗಳ ಬುದ್ಧಿ. ನನಗೂ ಅದೇ ಇತ್ತು.

ಪತ್ರಿಕೆ ಮುಗಿಸಿ ಸ್ವರದ ಚೌಕಟ್ಟನ್ನು ಕಲ್ಲಿನಿಂದ ಎತ್ತಿದೆ. ಒಂದು ಬೆಣೆ ಸಡಿಲವಿತ್ತು. ಎದೆಯ ಮಟ್ಟಕ್ಕೆ ಬಂದಾಗ ನಡುವಿನಿಂದ ಒಂದೊಂದೇ ಸಾಲು ಜಾರಿತು. ಆಮೇಲೆ ಎಲ್ಲವೂ ಒಟ್ಟಿಗೆ ನೆಲಕ್ಕೆ ಸುರಿಯಿತು. ನನ್ನ ಕೈಯಲ್ಲಿ ಉಳಿದದ್ದು ಖಾಲಿ ಕಬ್ಬಿಣದ ಚೌಕಟ್ಟು.

ಬಾಗಿಲು ಮುಂದೆ ಮಾಡಿಕೊಂಡು ಮೊಳೆಗಳನ್ನೆಲ್ಲ ಬಳಿದು ಗುಡ್ಡೆ ಹಾಕಿದೆ. ಹಸ್ತಪ್ರತಿ ಇದೆಯಲ್ಲ, ಇನ್ನೊಮ್ಮೆ ಜೋಡಿಸಿದರಾಯಿತು ಎಂದುಕೊಂಡೆ. ಅದು ಎಲ್ಲಿದೆ ಎಂದು ಆಗ ನೆನಪಾಯಿತು. ಮೆಷಿನ್‌ನಿಂದ ಹಾಳೆಗಳನ್ನು ಮೆಲ್ಲಗೆ ಬಿಡಿಸಿದೆ. ಗೋಂದಿನ ನೀರಿಗೆ ಟೀಚರ್ ಬರೆದ ಶಾಯಿ ಹರಡಿತ್ತು, ಪ್ರೂಫ್ ಅಲ್ಲಲ್ಲಿ ಸಿಪ್ಪೆ ಕಿತ್ತಿತ್ತು. ಲಗ್ನಪತ್ರಿಕೆಯ ಅಂಚಿಗೆ ಮುತ್ತಿನ ಸರದಂಥ ಚುಕ್ಕೆಗಳ ಬಾರ್ಡರ್ ಹಾಕಿದ್ದೆ. ಆ ಚುಕ್ಕೆಗಳೆಲ್ಲ ಹಾಳೆಗಳ ಮೇಲೆ ತಗ್ಗಾಗಿ ಒತ್ತಿಕೊಂಡಿದ್ದವು. ಅಕ್ಷರಗಳು ಓದಲು ಬರುತ್ತಿದ್ದವು. ಚುಕ್ಕೆಗಳ ವಿಷಯದಲ್ಲಿ ಮಾತ್ರ ಯಾವುದು ಸ್ವರದ್ದು, ಯಾವುದು ಮದುವೆಯದ್ದು, ಯಾವುದು ಮೆಷಿನ್ ಎಣ್ಣೆ, ಒಂದೂ ತಿಳಿಯುವಂತಿರಲಿಲ್ಲ.

ಜೋಡಿಸಿದವನು ನೀನೇ ಅಲ್ಲವೇ, ನೆನಪಿರಲಿಲ್ಲವೇ ಎಂದು ಕೇಳಬಹುದು. ಕಂಪೋಸಿಟರ್ ಓದುವುದಿಲ್ಲ. ಕಣ್ಣು ಹಾಳೆಯ ಮೇಲೆ, ಕೈ ಕೇಸಿನಲ್ಲಿ, ಮನಸ್ಸು ಊಟದ ಡಬ್ಬಿಯಲ್ಲಿ.

ಹೊಸದುರ್ಗಕ್ಕೆ ಬಸ್ಸಿತ್ತು. ಹೊಳಲ್ಕೆರೆ ದಾಟಿದರೆ ಇನ್ನೆಷ್ಟು ದೂರ! ಹೋಗಿ ಹೇಳಿದ್ದರೆ ಟೀಚರ್ ಬೇಸರ ಮಾಡಿಕೊಳ್ಳುತ್ತಿದ್ದರು, ಒಂದು ವಾರ ತಡವಾಗುತ್ತಿತ್ತು, ಅಷ್ಟೆ. ಆದರೆ ‘ಚುಕ್ಕೀನೆಲ್ಲ ಅದರದರ ಮನೇಗೇ ಕುಂಡ್ರಿಸೀಯ’ ಎಂದವರ ಎದುರು ಈ ಹಾಳೆ ಹಿಡಿದು ನಿಲ್ಲುವುದು ನನ್ನಿಂದಾಗಲಿಲ್ಲ. ಮೂರು ದಿನದಲ್ಲಿ ಮತ್ತೆ ಜೋಡಿಸಿದೆ. ಚುಕ್ಕೆಗಳನ್ನು ಅಂದಾಜಿನಲ್ಲಿ ಹಾಕಿದೆ. ‘ನಿ’ ಆದಮೇಲೆ ‘ಸ’ ಬಂದರೆ ಮೇಲೆ ಒಂದು ಚುಕ್ಕೆ. ಸಾಲು ಬರಿದಾಗಿ ಕಂಡರೆ ಕೆಳಗೆ ಒಂದು. ನಾಲ್ಕನೆಯ ಪದದಲ್ಲಿ ಎರಡನೆಯ ಸಾಲಿಗೂ ಮೂರನೆಯ ಸಾಲಿಗೂ ನಡುವೆ ಎರಡು ಕಪ್ಪು ಚುಕ್ಕೆ ನಿಜವಾಗಿಯೂ ಉಳಿದಿದ್ದವು. ಅವು ಮೇಲಿನ ಸಾಲಿನ ಕೆಳಗಿನವೋ, ಕೆಳಗಿನ ಸಾಲಿನ ಮೇಲಿನವೋ? ಪದ ಓದಿದೆ. ಸತ್ತ ಮಗಳನ್ನು ಕರೆಯುವ ತಾಯಿಯ ಮಾತು. ಅಳುವಾಗ ದನಿ ಏರಬೇಕಲ್ಲವೇ? ಕಂಪನಿ ನಾಟಕಗಳನ್ನು ನೋಡಿ ಬೆಳೆದ ತಲೆ ನನ್ನದು. ಎರಡನ್ನೂ ಮೂರನೆಯ ಸಾಲಿನ ಮೇಲೆ ಕೂರಿಸಿದೆ. ಪುಟ ಬಹಳ ಚೆಂದ ಕಂಡಿತು. ಎರಡನೆಯ ಪ್ರೂಫ್ ಕಳಿಸದೆ ಐನೂರು ಪ್ರತಿ ಅಚ್ಚು ಹಾಕಿದೆ.

ಮೊದಲು ಇಪ್ಪತ್ತೆರಡು ಪ್ರತಿ ಹೊಲಿಸಿ ಟೀಚರ್ ಕೈಗೆ ಕೊಟ್ಟೆವು. ಶಾಲೆಗಳಿಗೆ ಹಂಚಲು ಇಪ್ಪತ್ತು, ತಮಗೊಂದು ಎಂದು ಅವರೇ ಬಂದು ಒಯ್ದರು. ಹೋಗುವ ಮೊದಲು ಉಳಿದ ಒಂದು ಪ್ರತಿಯ ಒಳಪುಟದಲ್ಲಿ ಏನೋ ಬರೆದು, ಚಕ್ಕುಲಿಯ ಪೊಟ್ಟಣದ ಜೊತೆ ನನ್ನ ಕೈಗಿಟ್ಟರು. ಅವರು ಹೋದಮೇಲೆ ಬಿಡಿಸಿದೆ. ‘ನನ್ನ ಚುಕ್ಕೆಗಳನ್ನು ಕಾಪಾಡಿದವರಿಗೆ’ ಎಂದಿತ್ತು.

ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಚಕ್ಕುಲಿಯನ್ನು ಪಕ್ಕದ ಸೈಕಲ್ ಅಂಗಡಿಯವನಿಗೆ ಕೊಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಆಮೇಲೆ ಯಾರು ಪ್ರೆಸ್ಸಿನ ಮೆಟ್ಟಿಲು ಹತ್ತಿದರೂ ಟೀಚರೇ ಬಂದರು ಎಂದು ಎದ್ದು ನಿಲ್ಲುತ್ತಿದ್ದೆ. ಕೊನೆಗೆ ಯಜಮಾನರಿಗೆ ಹೇಳಿದೆ. ಅವರು ನಶ್ಯ ಏರಿಸಿ ಕೈ ಕೊಡವಿಕೊಂಡರು.

“ಸುಮ್ಕಿರಲೇ. ಬೀಸೋ ಪದನ ಪುಸ್ತಕ ನೋಡ್ಕಂಡು ಯಾರ್ ಹಾಡ್ತಾರೆ? ಚುಕ್ಕಿ ಮ್ಯಾಲಿದ್ರೇನು, ಕೆಳಗಿದ್ರೇನು? ನೀನೂ ಸುಮ್ನಿರು, ನಾನೂ ಸುಮ್ನಿರ್ತೀನಿ.”

ಅದು ನನ್ನದೇ ಮಾತು. ಮೂರು ದಿನ ನಾನು ನನಗೆ ಹೇಳಿಕೊಂಡಿದ್ದೂ ಅದನ್ನೇ. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದು ಎಷ್ಟು ಕೆಟ್ಟದಾಗಿದೆ ಎಂದು ತಿಳಿಯಿತು. ಮುಂದಿನ ಭಾನುವಾರ ಬೆಳಿಗ್ಗೆ, ಗೋಂದು ಹತ್ತಿದ ಆ ಹಾಳೆಗಳನ್ನು ಕಂಕುಳಲ್ಲಿಟ್ಟುಕೊಂಡು ಹೊಸದುರ್ಗದ ಬಸ್ಸು ಹತ್ತಿದೆ.

ಟೀಚರ್ ಬಾಗಿಲಲ್ಲೇ, “ಬರ್ರಿ, ಬರ್ರಿ, ಕುಂತ್ಕಳ್ರಿ, ಕಾಫಿ ಕುಡೀರಿ,” ಎಂದರು. ಪ್ರೆಸ್ಸಿನಲ್ಲಿ ‘ಏನಪ್ಪ’ ಎನ್ನುತ್ತಿದ್ದವರು ಮನೆಗೆ ಬಂದ ನೆಂಟನನ್ನು ಮಾತಾಡಿಸಿದಂತೆ ಮಾತಾಡಿಸಿದರು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಹಾಳೆಗಳನ್ನು ಅವರು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿದರು. ಆಮೇಲೆ ಪುಸ್ತಕ ತೆಗೆದು ನಾಲ್ಕನೆಯ ಪದವನ್ನು ಬಾಯೊಳಗೇ ಗುನುಗಿದರು. ಮೂರನೆಯ ಸಾಲಿಗೆ ಬಂದು ನಿಲ್ಲಿಸಿದರು.

“ಇದು ಹಿಂಗಿರಲಿಲ್ಲ.” ಇನ್ನೊಮ್ಮೆ ಗುನುಗಿದರು. “ಹಿಂಗಿರಲಿಲ್ಲ ಅನ್ನೋದು ಗೊತ್ತಪ್ಪ. ಹೆಂಗಿತ್ತು ಅನ್ನೋದು ಬರವಲ್ಲದು. ಒಂದೇ ಸಲ ಕೇಳಿದ್ದು ನಾನು.”

ಅವರು ನನ್ನನ್ನು ಬೈಯಲಿಲ್ಲ. ಆ ಇಪ್ಪತ್ತು ಪ್ರತಿ ಯಾವ ಯಾವ ಶಾಲೆಗೆ ಹೋಗಿವೆ ಎಂದು ಪಟ್ಟಿ ಮಾಡಿ, ತಿರುಗಿ ಕಳಿಸಿ ಎಂದು ಕಾರ್ಡು ಬರೆಯಲು ಕೂತರು. ನಾನು ಗೋಡೆ ನೋಡುತ್ತಾ ನಿಂತೆ. ಒಂದು ಪದ ಅವರಿಗೆ ಪೂರ್ತಿ ಬಾಯಿಪಾಠವಿತ್ತು, ಅದನ್ನು ಅಲ್ಲೇ ತಿದ್ದಿದರು. ಉಳಿದ ಮೂರಕ್ಕೆ ಅಜ್ಜಿಯೇ ಗತಿ.

“ಮುಂದಿನ ಭಾನುವಾರ ಹೋಗಾಣ,” ಎಂದರು. “ನೀವೂ ಬರ್ಬೇಕು.”

ಹಟ್ಟಿಗೆ ಹೋದಾಗ ಬಿಸಿಲು ಏರಿತ್ತು. ಕುರಿಗಳನ್ನು ಹೊಡೆದುಕೊಂಡು ಮಗ ಹೋಗಿದ್ದ, ಸೊಸೆ ಹೊಲಕ್ಕೆ ಹೋಗಿದ್ದಳು. ಅಜ್ಜಿ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದಳು. ಎಪ್ಪತ್ತು ದಾಟಿದ, ಕಡ್ಡಿಯಂಥ ದೇಹ. ಟೀಚರ್ ಬಂದ ಕಾರಣ ಹೇಳಿದರು. ನನ್ನ ಹೆಸರು ಎತ್ತದೆ, “ಪ್ರೆಸ್ಸಿನಾಗೆ ಕಳೆದೋತಜ್ಜಿ,” ಎಂದಷ್ಟೇ ಅಂದರು.

“ನಾನು ಕಳೆದೆ ಅಜ್ಜಿ,” ಎಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಕುರಿ ಕಳದ್ರೆ ಹುಡುಕಬೋದು. ಪದ ಕಳಕಂಡು ಬಂದೀಯಲ್ಲೋ ಮಾರಾಯ. ನಾನೇನೋ ಅಂತೀನವ್ವ, ಆದ್ರೆ ಕಲ್ಲು ತಿರುಗದೆ ಪದ ಬರಾಕಿಲ್ಲ. ಬರೀ ಬಾಯಾಗೆ ಅಂದ್ರೆ ನಾಕ್ ಮಾತಿಗೆ ನಿಂತೋಗ್ತತಿ. ಒಬ್ಳೇ ತಿರುವಾಕೆ ರಟ್ಟೇಲಿ ಶಕ್ತಿ ಇಲ್ಲ. ಸೊಸೆ ಬರಾದು ಹೊತ್ತಿಳಿದ ಮ್ಯಾಲೆ.”

ಟೀಚರ್ ಬರೆದುಕೊಳ್ಳಬೇಕಿತ್ತು. ಉಳಿದವನು ನಾನೊಬ್ಬ. ನಮ್ಮ ಕಡೆ ಗಂಡಸು ಬೀಸುವ ಕಲ್ಲಿನ ಮುಂದೆ ಕೂರುವುದಿಲ್ಲ. ಕೂತವನಿಗೆ ಊರು ಒಂದು ಹೆಸರಿಡುತ್ತದೆ, ಆ ಹೆಸರು ಅವನ ಮಕ್ಕಳ ಕಾಲಕ್ಕೂ ಹೋಗುವುದಿಲ್ಲ.

“ನಾನು ಕೂರ್ತೀನಿ ಅಜ್ಜಿ.”

“ನೀನಾ? ಊರಾಗೆ ನಗ್ತಾರೆ ಕಣೋ.”

“ನಗಲಿ.”

ಮೂಲೆಯ ಕಲ್ಲನ್ನು ಎಳೆದು ಧೂಳು ಒರೆಸಿದೆವು. ಅಜ್ಜಿ ರಾಗಿ ಹಾಕಿ ಎದುರು ಕೂತಳು. ಒಂದೇ ಗೂಟಕ್ಕೆ ಅವಳ ಕೈ ಕೆಳಗೆ, ನನ್ನ ಕೈ ಮೇಲೆ. ನಾನು ಜೋರಾಗಿ ತಿರುಗಿಸಿದೆ.

“ನಿಧಾನಕ್ಕಪ್ಪೋ! ತ್ವಾಳ ಅಟ್ಟಿಸ್ಕಂಡು ಬಂದೈತಾ? ನೀನು ದೂಡು, ನಾ ಎಳೀತೀನಿ. ಕಲ್ಲು ಹೋದಂಗೆ ಹೋಗು.”

ಬಾಗಿಲಿಗೆ ಆಗಲೇ ನಾಲ್ಕು ಹೆಂಗಸರು ಬಂದು ನಿಂತಿದ್ದರು. ಸೆರಗು ಬಾಯಿಗಿಟ್ಟು ನಗುವುದು ಕೇಳುತ್ತಿತ್ತು. ನಾನು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಕಲ್ಲು ಒಂದು ಲಯಕ್ಕೆ ಬಂತು, ಅಜ್ಜಿ ಬಾಯಿಬಿಟ್ಟಳು. ಗೂಟ ಅವಳ ಕಡೆ ಬಂದಾಗ ದನಿ ಇಳಿಯುತ್ತಿತ್ತು, ನನ್ನ ಕಡೆ ತಿರುಗಿ ಬಂದಾಗ ಏರುತ್ತಿತ್ತು. ಟೀಚರ್ ಕಣ್ಣು ಮುಚ್ಚಿ ಕೇಳಿ, ಬರೆದು, ಮತ್ತೆ ಕೇಳಿದರು. ನಾನು ಚೆಂದ ಕಾಣಲೆಂದು ಇಟ್ಟ ಚುಕ್ಕೆಗಳಲ್ಲಿ ಮುಕ್ಕಾಲು ಪಾಲು ತಪ್ಪಾಗಿದ್ದವು. ಅಂಗೈಯಲ್ಲಿ ಬೊಬ್ಬೆ ಎದ್ದಾಗ ನಿಜಕ್ಕೂ ಸ್ವಲ್ಪ ಹಗುರಾಯಿತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಆ ದಿನ ಮಾಡಿದ್ದನ್ನು ಬೀಸಿದೆ.

ಎರಡು ಪದ ಸರಿಯಾದವು. ನಾಲ್ಕನೆಯದರ ಮೊದಲ ಮಾತನ್ನು ಟೀಚರ್ ನೆನಪಿಸಿದಾಗ ಅಜ್ಜಿ ಗೂಟದಿಂದ ಕೈ ತೆಗೆದಳು.

“ಅದನ್ನ ಅನ್ನಂಗಿಲ್ಲವ್ವ.”

ಅವಳ ಮಗಳು ಬಾಣಂತನದಲ್ಲಿ ಹೋಗಿದ್ದಳು. ಅದಾದ ಮೇಲೆ ಮೊದಲ ಸಲ ಕಲ್ಲಿಗೆ ಕೂತ ದಿನ ಆ ಪದ ತಾನಾಗಿಯೇ ಬಂದಿತ್ತಂತೆ. ಆ ದಿನ ಟೀಚರ್ ಅಲ್ಲೇ ಇದ್ದರು, ಬರೆದುಕೊಂಡಿದ್ದರು.

“ಆವತ್ತು ಬಂತು, ಅಂದೆ. ಅದನ್ನ ಇನ್ನೊಂದ್ ಸಲ ಅಂದ್ರೆ ಮನಿಗೆ ಆಗಿಬರಲ್ಲ. ಸೊಸೆ ಈಗ ಬಸುರಿ. ನೀ ಬರಕಂಡೀಯಲ್ಲ ಅಂತ ನಾನೂ ಮರೆತೆ.”

ನನಗೆ ತಡೆಯಲಾಗಲಿಲ್ಲ. ಹಾಡುವುದು ಬೇಡ, ಮೂರನೆಯ ಮಾತಿನಲ್ಲಿ ದನಿ ಏರುತ್ತದೋ ಇಳಿಯುತ್ತದೋ ಅಷ್ಟು ಹೇಳಿದರೆ ಸಾಕು ಎಂದೆ. ಅಜ್ಜಿ ಸಿಟ್ಟಾಗಲಿಲ್ಲ. ನನ್ನನ್ನು ಪಾಪ ಎನ್ನುವಂತೆ ನೋಡಿದಳು.

“ಅಳೋವಾಗ ಮ್ಯಾಲೋ ಕೆಳಗೋ ಅಂತ ಯಾರ್ ನೋಡ್ಕಂತಾರಪ್ಪ?”

ಹಿಟ್ಟನ್ನು ಬಳಿದು ಮೊರಕ್ಕೆ ತುಂಬಿಕೊಟ್ಟು ಬಂದೆವು. ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ನಾನು ಟೀಚರ್‌ಗೆ ಒಂದು ದಾರಿ ಹೇಳಿದೆ. ಉಳಿದೆರಡು ಪದಗಳಲ್ಲಿ ಕಲ್ಲು ಎಲ್ಲಿಗೆ ಬಂದಾಗ ದನಿ ಇಳಿಯಿತು ಎಂದು ನನ್ನ ಕೈಗೆ ಗೊತ್ತಾಗಿದೆ. ಅದೇ ಲೆಕ್ಕದಲ್ಲಿ ಈ ಪದಕ್ಕೂ ಚುಕ್ಕೆ ಇಟ್ಟರೆ ಸರಿಹೋಗಬಹುದು. ನಿಜ ಹೇಳುತ್ತೇನೆ, ಅಷ್ಟೆಲ್ಲ ಆದಮೇಲೂ ನಾನು ಆ ಉಪಾಯದ ಬಗ್ಗೆ ಹೆಮ್ಮೆಪಟ್ಟಿದ್ದೆ.

“ಬ್ಯಾಡಪ್ಪ,” ಎಂದರು ಟೀಚರ್. ಆ ದಿನವೆಲ್ಲ ಅವರ ದನಿ ಗಡುಸಾದದ್ದು ಅದೊಂದೇ ಸಲ. “ನಿನ್ನ ಅಂದಾಜು ಸಾಕು. ಆ ಪುಟದಾಗೆ ಚುಕ್ಕೀನೇ ಬ್ಯಾಡ. ಇಲ್ಲ ಅಂತ ಇರ್ಲಿ.”

‘ನೀವು’ ಮತ್ತೆ ‘ನೀನು’ ಆಗಿತ್ತು. ಈ ಸಲ ಅದರಲ್ಲಿ ಸಲಿಗೆ ಇರಲಿಲ್ಲ.

ಹಾಳೆಯ ಎರಡೂ ಬದಿ ಅಚ್ಚಾಗಿದ್ದರಿಂದ ಹೊಸದಾಗಿ ಮುದ್ರಿಸಲು ಯಜಮಾನರು ಒಪ್ಪಲಿಲ್ಲ. ಕೈಯಿಂದಲೇ ತಿದ್ದುವುದೆಂದಾಯಿತು. ಅರ್ಧ ಬ್ಲೇಡು ಹಿಡಿದು, ಕಾಗದ ತೂತಾಗದಂತೆ, ತಪ್ಪು ಚುಕ್ಕೆಗಳನ್ನು ಒಂದೊಂದಾಗಿ ಕೆರೆದೆ. ಒಂದೇ ಒಂದು ಪೂರ್ಣವಿರಾಮದ ಮೊಳೆಯನ್ನು ಬೆರಳ ತುದಿಯಲ್ಲಿ ಹಿಡಿದು, ಮಸಿಗೆ ಮುಟ್ಟಿಸಿ, ಸರಿಯಾದ ಜಾಗದಲ್ಲಿ ಒತ್ತಿದೆ. ಒತ್ತು ಹೆಚ್ಚಾದರೆ ಹರಡುತ್ತಿತ್ತು, ಕಡಿಮೆಯಾದರೆ ಮೂಡುತ್ತಿರಲಿಲ್ಲ. ಊಟದ ಬಿಡುವಿನಲ್ಲಿ, ಭಾನುವಾರಗಳಲ್ಲಿ, ಎರಡು ತಿಂಗಳು ಇದೇ ಕೆಲಸ. ನಾಲ್ಕನೆಯ ಪದದ ಪುಟವನ್ನು ಬರೀ ಕೆರೆದೆ. ಬೆಳಕಿಗೆ ಹಿಡಿದರೆ ಅಲ್ಲಿ ಕಾಗದ ತೆಳ್ಳಗಾದದ್ದು ಈಗಲೂ ಕಾಣುತ್ತದೆ. ಆ ಪುಟಕ್ಕೆ ಒಂದು ಚೀಟಿ ಅಂಟಿಸಬೇಕಿತ್ತು. ‘ಈ ಪದದ ಸ್ಥಾಯಿಯ ಗುರುತುಗಳು ಕಂಪೋಸಿಟರನ ತಪ್ಪಿನಿಂದ ಕಳೆದುಹೋಗಿವೆ’ ಎಂದು ಜೋಡಿಸಿದೆ. ಯಜಮಾನರು ಪ್ರೆಸ್ಸಿನ ಮಾನ ಹೋಗುತ್ತದೆ ಎಂದು ‘ಕಂಪೋಸಿಟರನ ತಪ್ಪಿನಿಂದ’ ತೆಗೆಸಿದರು. ನಾನು ತೆಗೆದೆ. ಬೇಗನೆ ತೆಗೆದೆ ಎಂದೂ ಹೇಳಬೇಕು.

ಶಾಲೆಗಳಿಗೆ ಹೋದ ಇಪ್ಪತ್ತರಲ್ಲಿ ಹತ್ತೊಂಬತ್ತು ಪ್ರತಿ ತಿರುಗಿ ಬಂದವು. ಒಂದು ಬರಲಿಲ್ಲ. ಟೀಚರ್ ಮೂರು ಕಾರ್ಡು ಬರೆದರೂ ಉತ್ತರವಿರಲಿಲ್ಲ.

ಮರುವರ್ಷ ಚಿತ್ರದುರ್ಗದಲ್ಲಿ ಶಾಲೆಗಳ ಹಾಡಿನ ಸ್ಪರ್ಧೆ ನಡೆಯಿತು. ಅದರ ಆಮಂತ್ರಣ ನಾವೇ ಅಚ್ಚು ಹಾಕಿದ್ದರಿಂದ ನಾನೂ ಹೋಗಿ ಹಿಂದೆ ನಿಂತೆ. ಟೀಚರ್ ಮುಂದೆ ಕೂತಿದ್ದರು. ಯಾವುದೋ ಶಾಲೆಯ ಐದು ಹುಡುಗಿಯರು ಬಂದು ಸಾಲಾಗಿ ನಿಂತರು. ಮೊದಲ ಮಾತಿಗೇ ನನಗೆ ಗೊತ್ತಾಯಿತು, ಅದು ಆ ಪದ. ಎರಡನೆಯ ಸಾಲು ಮುಗಿಯಿತು. ಮೂರನೆಯದಕ್ಕೆ ಐದೂ ದನಿಗಳು ಒಟ್ಟಿಗೆ ಮೇಲಕ್ಕೆ ಹೋದವು. ನನ್ನ ಎರಡು ಚುಕ್ಕೆ. ನನ್ನ ಪಕ್ಕ ನಿಂತಿದ್ದ ಹಿರಿಯರೊಬ್ಬರು ಕಣ್ಣೊರೆಸಿಕೊಂಡು, “ಏನ್ ಜಾಗ ಕಣ್ರಿ ಅದು! ಹಳೆ ಕಾಲದವರು ಹೆಂಗೆ ಕಟ್ಟವ್ರೆ ನೋಡ್ರಿ,” ಎಂದರು.

ಚಪ್ಪಾಳೆಯ ನಡುವೆ ಟೀಚರ್ ಎದ್ದು ಹಿಂದಕ್ಕೆ ಬಂದರು. ಅಜ್ಜಿ ಆ ಬೇಸಿಗೆಯಲ್ಲಿ ತೀರಿಕೊಂಡಳೆಂದು ಹೇಳಿದರು. ಸೊಸೆಗೆ ಹೆಣ್ಣುಮಗುವಾಗಿದೆಯಂತೆ. ಆಮೇಲೆ ವೇದಿಕೆಯ ಕಡೆ ನೋಡುತ್ತಾ, “ಇನ್ ಅದು ಹಂಗೇನೇಪ್ಪ. ಹಂಗೇ ಉಳೀತತಿ,” ಎಂದರು.

ನಾನು ತಲೆ ತಗ್ಗಿಸಿದೆ. ಅವರು ಅದನ್ನು ನಾಚಿಕೆ ಎಂದುಕೊಂಡಿರಬೇಕು. ನಾಚಿಕೆಯೇ, ಆದರೆ ತಪ್ಪು ಮಾಡಿದ್ದಕ್ಕಲ್ಲ. ಆ ಹಿರಿಯರು ಕಣ್ಣೊರೆಸಿಕೊಂಡಾಗ ಒಂದು ಗಳಿಗೆ ನನ್ನ ಎದೆ ಉಬ್ಬಿತ್ತು, ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ.